ಸಾವಿನಾಚೆಯ ಸಂಸಾರ

ಓದುಗರೇ, ಆಡಿ ಅಮಾವಾಸ್ಯೆಯ ಬೆಳಗಿನ ಜಾವ ನೀವು ಸುರುಳಿ ತೀರ್ಥಕ್ಕೆ ಹೋಗಿದ್ದೀರಾ? ಹೋಗಿದ್ದರೆ ಆ ನೋಟ ನಿಮ್ಮ ಕಣ್ಣ ಮುಂದೆ ಇದ್ದೇ ಇರುತ್ತದೆ. ಬೆಟ್ಟದಿಂದ ಧುಮುಕುವ ನೀರಿನಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ನಡುಗುತ್ತ ಕುಳಿತ ಜನ. ಎದುರಿಗೆ ಎಲೆಯ ಮೇಲೆ ಎಳ್ಳು, ದರ್ಭೆ, ಅಕ್ಕಿಹಿಟ್ಟಿನ ಉಂಡೆ. ಪುರೋಹಿತರು ಒಂದೇ ಉಸಿರಿನಲ್ಲಿ ಕೇಳುತ್ತಾರೆ: ತಂದೆಯ ಹೆಸರೇನು? ತಾತನ ಹೆಸರೇನು? ಮುತ್ತಾತನ ಹೆಸರೇನು? ತಂದೆಯ ಹೆಸರು ತಟ್ಟನೆ ಬರುತ್ತದೆ. ತಾತನದೂ ಬರುತ್ತದೆ. ಮುತ್ತಾತನಲ್ಲಿ ನಾಲಿಗೆ ತಡವರಿಸುತ್ತದೆ. ಆಮೇಲೆ ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಕೇಳಿದಾಗ ಎಷ್ಟೋ ಜನ ಪಕ್ಕದಲ್ಲಿ ಕುಳಿತ ಅಣ್ಣನ ಮುಖ ನೋಡುತ್ತಾರೆ. ಅಣ್ಣನೂ ಇವರ ಮುಖ ನೋಡುತ್ತಾನೆ.

ಈ ಅಮಾವಾಸ್ಯೆಯ ವಿಶೇಷ ಇಷ್ಟಕ್ಕೇ ಮುಗಿಯುವುದಿಲ್ಲ. ಹೆಚ್ಚಿನ ವರ್ಷಗಳಲ್ಲಿ ಇದೇ ದಿನ ಕರ್ನಾಟಕದ ಮನೆಗಳಲ್ಲಿ ಭೀಮನ ಅಮಾವಾಸ್ಯೆ. ಹೆಂಗಸರು ಗಂಡನ ಆಯುಸ್ಸು ಹೆಚ್ಚಲಿ ಎಂದು ದೀಪದ ಕಂಬಗಳನ್ನಿಟ್ಟು ಜ್ಯೋತಿರ್ಭೀಮೇಶ್ವರನನ್ನು ಪೂಜಿಸುವ ದಿನ. ಪಡುವಣ ಕರಾವಳಿಯಲ್ಲಿ, ಮಂಗಳೂರಿನಿಂದ ಕಾಸರಗೋಡಿನವರೆಗೆ, ತುಳುವರಿಗೆ ಇದು ಆಟಿ ತಿಂಗಳು. ಅಲ್ಲಿ ಈ ತಿಂಗಳಲ್ಲಿ ಬದುಕಿರುವವರ ಮದುವೆ ನಡೆಯುವುದಿಲ್ಲ. ಸತ್ತವರ ಮದುವೆ ನಡೆಯುತ್ತದೆ. ಹೌದು, ನೀವು ಸರಿಯಾಗಿಯೇ ಓದಿದಿರಿ. ಆ ಮಾತಿಗೆ ಆಮೇಲೆ ಬರುತ್ತೇನೆ.

ಸತ್ತ ಮೇಲೆ ಗಂಡ ಗಂಡನಾಗಿಯೇ, ಹೆಂಡತಿ ಹೆಂಡತಿಯಾಗಿಯೇ ಉಳಿಯುತ್ತಾರೆಯೇ? ಹೆತ್ತವರೂ ಮಕ್ಕಳೂ ಮತ್ತೆ ಒಂದು ಕಡೆ ಸೇರುತ್ತಾರೆಯೇ? ಈ ಪ್ರಶ್ನೆಗೆ ನಮ್ಮ ಹಿರಿಯರ ಬಾಯಲ್ಲೇ ಎರಡು ಉತ್ತರಗಳಿವೆ. ಮದುವೆಯ ಚಪ್ಪರದಲ್ಲಿ ಇದು ಏಳೇಳು ಜನ್ಮದ ನಂಟು ಎನ್ನುತ್ತಾರೆ. ಅದೇ ಹಿರಿಯರು ಸ್ಮಶಾನದಿಂದ ಮರಳುವಾಗ ಋಣ ತೀರಿತು, ಹೋದರು ಎನ್ನುತ್ತಾರೆ. ಗಂಡ, ಹೆಂಡತಿ, ಮಕ್ಕಳು, ದನಕರು ಎಲ್ಲವೂ ಋಣಾನುಬಂಧ. ಋಣ ಇರುವಷ್ಟು ದಿನ ಜೊತೆ, ತೀರಿದ ಮೇಲೆ ಅವರವರ ದಾರಿ ಅವರವರಿಗೆ. ಒಂದು ಮಾತು ಮದುವೆಯ ದಿನಕ್ಕೆ ಬೇಕು, ಇನ್ನೊಂದು ಸಾವಿನ ದಿನಕ್ಕೆ ಬೇಕು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನಾವು ಬಾಳಿದ್ದೇವೆ.

ಭೀಮನ ಅಮಾವಾಸ್ಯೆಯ ವ್ರತಕಥೆಯನ್ನೇ ನೋಡಿ. ಒಬ್ಬ ಬಡ ಬ್ರಾಹ್ಮಣ ದಂಪತಿ ಮಗಳನ್ನು ಅವಳ ಅಣ್ಣನ ಬಳಿ ಬಿಟ್ಟು ಕಾಶಿಗೆ ಹೋಗುತ್ತಾರೆ. ಆ ಊರಿನ ರಾಜಕುಮಾರ ಮದುವೆಯಾಗದೆ ಸತ್ತಿದ್ದಾನೆ. ಮದುವೆ ಮಾಡದೆ ಮಗನನ್ನು ಸುಡಬಾರದೆಂದು ರಾಜ ಕೇಳಿದಷ್ಟು ಹಣ ಕೊಡುವುದಾಗಿ ಸಾರಿಸುತ್ತಾನೆ. ಹಣದಾಸೆಗೆ ಅಣ್ಣ ತಂಗಿಯನ್ನು ಆ ಹೆಣಕ್ಕೆ ಕೊಟ್ಟು ಧಾರೆ ಎರೆಯುತ್ತಾನೆ. ಮಳೆಗೆ ಚಿತೆ ಹತ್ತದೆ ಜನರೆಲ್ಲ ಹೆಣ ಬಿಟ್ಟು ಹೊರಟುಹೋದರೂ ಹುಡುಗಿ ಮಾತ್ರ ಹೊಳೆಯ ದಡದಲ್ಲಿ ಉಳಿಯುತ್ತಾಳೆ. ಅಂದು ವ್ರತದ ದಿನ ಎಂಬುದು ನೆನಪಾಗಿ ಮಣ್ಣಿನಲ್ಲೇ ದೀಪ ಮಾಡಿ, ಮಣ್ಣಿನಲ್ಲೇ ಕಡುಬು ಮಾಡಿ ಪೂಜೆಗೆ ಕೂರುತ್ತಾಳೆ. ಶಿವ ಪಾರ್ವತಿಯರು ಬಂದು ಗಂಡನನ್ನು ಎಬ್ಬಿಸಿ ಕೊಡುತ್ತಾರೆ. ಮನೆಮನೆಗೆ ಅಲ್ಪಸ್ವಲ್ಪ ಬದಲಾಗುತ್ತ ಬಂದ ಕಥೆ ಇದು. ನಾವು ಕೊನೆಯ ಪವಾಡವನ್ನು ಕೇಳಿ ಕೈಮುಗಿಯುತ್ತೇವೆ. ಆದರೆ ಕಥೆ ಮೊದಲಿನಲ್ಲೇ ಒಂದು ಮಾತು ಹೇಳಿಬಿಟ್ಟಿದೆ: ಸತ್ತವನ ಮದುವೆಗಾಗಿ ಬದುಕಿರುವ ಹುಡುಗಿಯನ್ನು ಮಾರಲಾಯಿತು, ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದಿನ ಚರಿತ್ರೆಯನ್ನೆಲ್ಲ ಅಳೆಯಲು ಇದೇ ಅಳತೆಗೋಲು.

ತುಳುನಾಡಿನ ಪ್ರೇತ ಮದುವೆಯಲ್ಲಿ ಈ ಅನ್ಯಾಯವಿಲ್ಲ. ಅಲ್ಲಿ ವರನೂ ಸತ್ತವನು, ವಧುವೂ ಸತ್ತವಳು. ಹಾಲುಗೂಸಾಗಿ ತೀರಿಕೊಂಡ ಮಗುವೂ ಪರಲೋಕದಲ್ಲಿ ಬೆಳೆಯುತ್ತದೆ, ವಯಸ್ಸಿಗೆ ಬರುತ್ತದೆ ಎಂದು ಅವರ ನಂಬಿಕೆ. ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ಮನೆಯಲ್ಲಿ ಉಳಿದವರ ಮದುವೆ ಕೂಡಿಬಾರದಿದ್ದರೆ, ಕಷ್ಟದ ಮೇಲೆ ಕಷ್ಟ ಬಂದರೆ, ಪ್ರಶ್ನೆ ಇಡಿಸುತ್ತಾರೆ. ಅಂದು ಹೋದ ಮಗುವಿಗೆ ಮದುವೆಯಾಗಬೇಕಂತೆ ಎಂದು ತಿಳಿದುಬರುತ್ತದೆ. ಆಗ ಅದೇ ಜಾತಿಯ, ಬೇರೆ ಬಳಿಯ, ಹಾಗೆಯೇ ಮಗುವನ್ನು ಕಳೆದುಕೊಂಡ ಇನ್ನೊಂದು ಮನೆಯನ್ನು ಹುಡುಕುತ್ತಾರೆ. ಹೆಣ್ಣು ನೋಡುವುದು, ನಿಶ್ಚಯ, ಸೀರೆ, ಕರಿಮಣಿ, ಬಳೆ, ವರನಿಗೆ ಪಂಚೆ, ಮೆರವಣಿಗೆ, ಊಟ, ಎಲ್ಲವೂ ಉಂಟು. ವಧೂವರರ ಜಾಗದಲ್ಲಿ ಗೊಂಬೆಗಳೋ ಬಟ್ಟೆಬರೆಗಳೋ ಇರುತ್ತವೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. 2022ರಲ್ಲಿ ಇಂಥ ಒಂದು ಮದುವೆಯ ವಿವರ ದೇಶವೆಲ್ಲ ಸುದ್ದಿಯಾಯಿತು. 2024ರಲ್ಲಿ ಪುತ್ತೂರಿನ ಕಡೆಯ ಕುಟುಂಬವೊಂದು ಮೂವತ್ತು ವರ್ಷದ ಹಿಂದೆ ತೀರಿಹೋದ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದೂ ಸುದ್ದಿಯಾಯಿತು. ನಕ್ಕವರಿದ್ದರು. ಆದರೆ ಮಗುವನ್ನು ಮಣ್ಣಿಗೆ ಕೊಟ್ಟ ತಾಯಿಯ ಕಡೆಯಿಂದ ಒಮ್ಮೆ ನೋಡಿ. ಆ ಮಗುವಿಗೆ ಹೆಸರೂ ಇಟ್ಟಿತ್ತೋ ಇಲ್ಲವೋ. ಅದನ್ನು ಮೂವತ್ತು ವರ್ಷ ಯಾರೂ ಮಾತಿಗೂ ತೆಗೆದಿರಲಿಲ್ಲ. ಇಂದು ಅದಕ್ಕೆ ಸೀರೆ ತಂದಿದ್ದಾರೆ, ಬೀಗರು ಬಂದಿದ್ದಾರೆ. ಮರೆತ ಮಗಳನ್ನು ಮನೆತನದ ಲೆಕ್ಕಕ್ಕೆ ಮತ್ತೆ ಸೇರಿಸಿಕೊಳ್ಳುವ ಕ್ರಮ ಅದು. ನಮ್ಮ ದಕ್ಷಿಣ ಜಿಲ್ಲೆಗಳಲ್ಲೂ ಮದುವೆಯಾಗದೆ ತೀರಿದ ಹೆಣ್ಣುಮಗಳನ್ನು ಕನ್ನಿ ದೈವವೆಂದು ಮನೆಯಲ್ಲೇ ಇರಿಸಿಕೊಂಡು, ವರ್ಷಕ್ಕೊಮ್ಮೆ ಹೊಸ ಬಟ್ಟೆ ಇಟ್ಟು ಪೂಜಿಸುವ ಮನೆಗಳು ಇವೆಯಲ್ಲವೇ? ಅವರು ಮದುವೆ ಮಾಡಿ ಕಳಿಸುತ್ತಾರೆ, ಇವರು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ದುಃಖ ಒಂದೇ.

ಇನ್ನು ಕಲ್ಲುಗಳ ಮಾತಿಗೆ ಬರೋಣ. ಕನ್ನಡ ನಾಡಿನ ಊರೂರಲ್ಲೂ ವೀರಗಲ್ಲುಗಳಿವೆ, ಮಾಸ್ತಿಕಲ್ಲುಗಳಿವೆ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಯುದ್ಧ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಮಾಸ್ತಿಕಲ್ಲಿನಲ್ಲಿ ಕಂಬದಿಂದ ಹೊರಚಾಚಿದ ಒಂದು ಹೆಣ್ಣು ತೋಳು, ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಹಸ್ತ, ಮುಂಗೈ ತುಂಬ ಬಳೆ. ಗಂಡನೊಂದಿಗೆ ಬೆಂಕಿಗೆ ಹೋದವಳ ಗುರುತು ಅದು. ಬಳೆ ಒಡೆದಿಲ್ಲ, ಮುತ್ತೈದೆತನ ಮುಗಿದಿಲ್ಲ ಎಂಬುದೇ ಆ ಕೈಯ ಅರ್ಥ. ಸೂರ್ಯಚಂದ್ರರನ್ನು ಮೇಲೆ ಕೆತ್ತಿರುತ್ತಾರೆ. ಅವರಿರುವವರೆಗೆ ಇವಳ ಕೀರ್ತಿ ಇರಲಿ ಎಂದು.

ಇವುಗಳಲ್ಲೆಲ್ಲ ಮನಸ್ಸನ್ನು ಹಿಂಡುವುದು ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನ ಶಾಸನ. ಕ್ರಿ.ಶ. 1057ರದು, ಆಗ ಆ ಸೀಮೆ ಚೋಳರ ಆಳ್ವಿಕೆಯಲ್ಲಿತ್ತು. ದೇಕಬ್ಬೆ ಎಂಬ ಹೆಣ್ಣುಮಗಳು ನುಗುನಾಡಿನ ರವಿಗನ ಮಗಳು, ನವಿಲೆನಾಡಿನ ಏಚನ ಹೆಂಡತಿ. ಮಲ್ಲಯುದ್ಧದಲ್ಲಿ ಏಚನ ಕೈಯಲ್ಲಿ ಒಬ್ಬ ದಾಯಾದಿ ಸತ್ತ. ಅದಕ್ಕಾಗಿ ಏಚನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಹೋಗಲು ನಿಂತಳು. ಇಲ್ಲಿ ಗಮನಿಸಬೇಕಾದ ಸಂಗತಿ ಇದು: ತಂದೆ ತಾಯಿ, ನಂಟರು ಎಲ್ಲರೂ ಅವಳನ್ನು ತಡೆದರು. ಬೇಡವೆಂದು ಕಾಲು ಹಿಡಿಯುವಷ್ಟು ಬೇಡಿಕೊಂಡರು. ಅವಳು ಕೇಳಲಿಲ್ಲ. ಭೂಮಿ, ಹಸು, ಹೊನ್ನು ದಾನ ಕೊಟ್ಟು, ಕೈಮುಗಿದು ಕೊಂಡಕ್ಕೆ ಹೋದಳು. ಮಗಳು ದೇವಲೋಕಕ್ಕೆ ಹೋದಳೆಂದು ಪದ್ಯ ಬರೆಸಿ ಕಲ್ಲು ನಿಲ್ಲಿಸಿದ್ದು ತವರಿನವರೇ. ಆ ಕಲ್ಲನ್ನು ಓದುವವರು ದೇಕಬ್ಬೆಯ ಹಠವನ್ನು ಹೊಗಳುತ್ತಾರೆ. ನನಗೆ ಮಾತ್ರ ಆ ತಂದೆಯದೇ ಚಿಂತೆ. ದೇವಲೋಕದಲ್ಲಿ ಅವಳು ಗಂಡನ ಜೊತೆ ಇದ್ದಾಳೆ ಎಂದು ಕಲ್ಲಿನಲ್ಲಿ ಬರೆಸದಿದ್ದರೆ ಅವನು ಉಳಿದ ದಿನಗಳನ್ನು ಹೇಗೆ ಕಳೆಯಬೇಕಿತ್ತು?

ನಮ್ಮ ಕಣಿವೆಗೆ ಬರೋಣ. ಇಲ್ಲಿನ ಕಪ್ಪಿಲಿಯರು, ಅನುಪ್ಪರು, ಒಕ್ಕಲಿಗರು ಕನ್ನಡ ಸೀಮೆಯಿಂದ ಬಂದವರು. ಜೊತೆಜೊತೆಗೇ ಬಂದ ನೆರೆಯವರು ತೆಲುಗಾಡುವ ತೊಟ್ಟಿಯ ನಾಯಕರು. ತೊಟ್ಟಿಯರ ವಲಸೆಯ ಕಥೆಯನ್ನು ನೀವೂ ಕೇಳಿರುತ್ತೀರಿ. ತುಂಗಭದ್ರೆಯ ಆಚೆಯಿಂದ ಹೆಣ್ಣುಮಕ್ಕಳ ಮಾನ ಉಳಿಸಿಕೊಳ್ಳಲು ರಾತ್ರೋರಾತ್ರಿ ಹೊರಟರಂತೆ. ತುಂಬಿದ ಹೊಳೆ ಅಡ್ಡಬಂದಾಗ ಎರಡೂ ದಡದ ಹೊಂಗೆ ಮರಗಳು ಬಾಗಿ ಸೇತುವೆಯಾದವಂತೆ. ದಾಟಿದ ಮೇಲೆ ಮತ್ತೆ ನೆಟ್ಟಗೆ ನಿಂತವಂತೆ. ಆದ್ದರಿಂದಲೇ ಅವರ ಮದುವೆ ಚಪ್ಪರಕ್ಕೆ ಹೊಂಗೆಯ ಮರವೇ ಆಗಬೇಕು. ಇಂಥ ವಲಸೆಯ ಕಥೆ ಕನ್ನಡದವರಲ್ಲೂ ಇರುವುದನ್ನು 1906ರಲ್ಲಿ ಬಂದ ಮದುರೆ ಜಿಲ್ಲಾ ಗೆಜೆಟಿಯರ್ ದಾಖಲಿಸಿದೆ. ತೊಟ್ಟಿಯರ ಕುಲದೇವತೆಗಳಾದ ಜಕ್ಕಮ್ಮ, ಬೊಮ್ಮಕ್ಕ ಇಬ್ಬರೂ ಗಂಡಂದಿರೊಡನೆ ಬೆಂಕಿಗೆ ಹೋದ ಹೆಂಗಸರೆಂದೇ ಪ್ರತೀತಿ. ಊರು ಬಿಟ್ಟು ಬಂದವರಿಗೆ ಹೊಲವಿಲ್ಲ, ಮನೆಯಿಲ್ಲ, ಸತ್ತವರೇ ಆಸ್ತಿ. ಸತ್ತ ಸೊಸೆ ದೇವರಾಗಿ ಕುಲವನ್ನು ಕಾಯುತ್ತಾಳೆ ಎಂಬ ನಂಬಿಕೆ ಅಂಥವರಿಗೆ ಎಷ್ಟು ದೊಡ್ಡ ಆಸರೆ! ಆದರೆ ದೇವರಾಗಲು ಅವಳು ತೆತ್ತ ಬೆಲೆ ಏನು ಎಂಬುದನ್ನೂ ಹೇಳಬೇಕಲ್ಲವೇ?

ಅದನ್ನು ಹೇಳಲು ಮದುರೆಯ ಮಂಗಮ್ಮಾಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1682ರಲ್ಲಿ ಗಂಡ ಚೊಕ್ಕನಾಥ ನಾಯಕ ತೀರಿಕೊಂಡಾಗ ಅವಳು ಚಿತೆ ಏರಲಿಲ್ಲ. ಮಗ ಚಿಕ್ಕವನು, ಅವನನ್ನು ಬೆಳೆಸಬೇಕಿತ್ತು. 1689ರಲ್ಲಿ ಆ ಮಗ ಮೂರನೆಯ ಮುತ್ತುವೀರಪ್ಪನೂ ಸಿಡುಬಿನಿಂದ ಹೋದ. ಅವನ ಹೆಂಡತಿ ಮುತ್ತಮ್ಮಾಳ್ ತುಂಬು ಬಸುರಿ. ಗಂಡನೊಂದಿಗೆ ಹೋಗುತ್ತೇನೆಂದು ಹಠ ಹಿಡಿದಳು. ಹೆರಿಗೆಯವರೆಗಾದರೂ ತಡೆ ಎಂದು ಅತ್ತೆ ಬೇಡಿಕೊಂಡಳು. ಮಗು ಹುಟ್ಟಿತು. ಬಾಣಂತಿ ಕೆಲವೇ ದಿನಗಳಲ್ಲಿ ತಾನೇ ಸಾವನ್ನು ತಂದುಕೊಂಡಳೆಂದು ಹೇಳುತ್ತಾರೆ. ಮಂಗಮ್ಮಾಳ್ ಆ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಹದಿನೈದು ವರ್ಷದಷ್ಟು ಕಾಲ ರಾಜ್ಯವಾಳಿದಳು. ರಸ್ತೆ ಹಾಕಿಸಿದಳು, ಸಾಲುಮರ ನೆಡಿಸಿದಳು, ಛತ್ರ ಕಟ್ಟಿಸಿದಳು. ದಿಂಡುಗಲ್ಲೂ ನಮ್ಮ ಕಣಿವೆಯೂ ಅವಳ ಆಳ್ವಿಕೆಯ ಸೀಮೆ. ಪರಲೋಕದಲ್ಲಿ ಗಂಡನನ್ನು ಸೇರುವುದನ್ನು ಸೊಸೆ ಆರಿಸಿಕೊಂಡಳು. ಈ ಲೋಕದಲ್ಲಿ ಮೊಮ್ಮಗನನ್ನು ಸಾಕುವುದನ್ನು ಅತ್ತೆ ಆರಿಸಿಕೊಂಡಳು. ಯಾರ ಹೆಸರು ಜನರ ನಾಲಿಗೆಯಲ್ಲಿ ಉಳಿಯಿತು ಎಂಬುದನ್ನು ನೀವೇ ಹೇಳಿ.

ಸಹಗಮನವನ್ನು ಬಂಗಾಳದಲ್ಲಿ 1829ರ ಡಿಸೆಂಬರಿನಲ್ಲಿ ನಿಷೇಧಿಸಿದರು. ಮದ್ರಾಸ್ ಆಧಿಪತ್ಯಕ್ಕೆ, ಎಂದರೆ ನಮ್ಮ ಕಣಿವೆಗೂ, ಅದೇ ಕಾನೂನು 1830ರ ಫೆಬ್ರವರಿಯಲ್ಲಿ ಬಂತು. ಇನ್ನು ಮುಂದೆ ಗಂಡನೊಂದಿಗೆ ಪರಲೋಕಕ್ಕೆ ಹೋಗುವ ಆ ದಾರಿ ಮುಚ್ಚಿತು. ವಿಚಿತ್ರವೆಂದರೆ, ಅದೇ 1830ರ ಏಪ್ರಿಲ್ 6ರಂದು ಭೂಮಿಯ ಆಚೆ ಮಗ್ಗುಲಲ್ಲಿ, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಒಂದು ಹಳ್ಳಿಯಲ್ಲಿ ಹುಟ್ಟಿದ ಒಂದು ಮತ ಮುಂದೆ ಬೇರೆಯೇ ದಾರಿಯೊಂದನ್ನು ತೆರೆಯಿತು. ಅದನ್ನು ಸ್ಥಾಪಿಸಿದವನು ಜೋಸೆಫ್ ಸ್ಮಿತ್ ಎಂಬ ಇಪ್ಪತ್ತನಾಲ್ಕು ವರ್ಷದ ಯುವಕ. ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್ ಎಂದು ಅದರ ಪೂರ್ಣ ಹೆಸರು. ಲೋಕ ಅವರನ್ನು ಮಾರ್ಮನರು ಎಂದು ಕರೆದದ್ದೇ ಹೆಚ್ಚು.

ಉಳಿದ ಕ್ರೈಸ್ತರು ಮದುವೆಯಲ್ಲಿ ಸಾವು ನಮ್ಮನ್ನು ಅಗಲಿಸುವವರೆಗೆ ಎಂದು ಮಾತು ಕೊಡುತ್ತಾರೆ. ಪುನರುತ್ಥಾನವಾದ ಮೇಲೆ ಮದುವೆ ಮಾಡಿಕೊಳ್ಳುವುದೂ ಇಲ್ಲ, ಕೊಡುವುದೂ ಇಲ್ಲ ಎಂದು ಯೇಸು ಹೇಳಿದ್ದನ್ನು ಮತ್ತಾಯನ ಸುವಾರ್ತೆಯಲ್ಲಿ ಓದುತ್ತಾರೆ. ಜೋಸೆಫ್ ಸ್ಮಿತ್ ಹಾಗೆ ಹೇಳಲಿಲ್ಲ. ಅಧಿಕಾರ ಪಡೆದ ಪುರೋಹಿತ ಮಂದಿರದಲ್ಲಿ ಬೆಸೆದ ಮದುವೆಯನ್ನು, ದಂಪತಿಗಳು ಕೊಟ್ಟ ಮಾತಿನಂತೆ ನಡೆದರೆ, ಸಾವೂ ಬಿಡಿಸಲಾರದು ಎಂದ. ಈ ಬೋಧನೆಯನ್ನು 1843ರ ಜುಲೈ 12ರಂದು ಇಲಿನಾಯ್ ಸಂಸ್ಥಾನದ ನೌವೂ ಪಟ್ಟಣದಲ್ಲಿ ಬರೆಸಿದ. ಮರುವರ್ಷ ಜೂನ್ 27ರಂದು ಸೆರೆಮನೆಗೆ ನುಗ್ಗಿದ ಗುಂಪೊಂದು ಅವನನ್ನು ಕೊಂದಿತು. ಅವನ ಹಿಂಬಾಲಕರಲ್ಲಿ ಹೆಚ್ಚಿನವರು ಊರು ಬಿಟ್ಟು, ಬಯಲು ಬೆಟ್ಟ ದಾಟಿ, ಯೂಟಾದ ಉಪ್ಪುಸರೋವರದ ಬಳಿ ಬೀಡುಬಿಟ್ಟರು. ಓಡಿಬಂದವರ ಕಥೆ ನಮಗೆ ಹೊಸದಲ್ಲವಲ್ಲ! ಅಲ್ಲಿ 1853ರಲ್ಲಿ ಅಡಿಪಾಯ ಹಾಕಿದ ಕಲ್ಲಿನ ಮಂದಿರ ಮುಗಿದದ್ದು 1893ರಲ್ಲಿ, ನಲವತ್ತು ವರ್ಷಕ್ಕೆ.

ಆ ವಿಧಿ ಹೀಗಿರುತ್ತದೆ. ವಧೂವರರು ವೇದಿಕೆಯ ಎರಡೂ ಕಡೆ ಮಂಡಿಯೂರಿ ಎದುರುಬದುರಾಗಿ ಕೈಹಿಡಿಯುತ್ತಾರೆ. ಆ ಕೋಣೆಯ ಗೋಡೆಗಳಲ್ಲಿ ಕನ್ನಡಿಗಳು ಎದುರುಬದುರು ಇರುತ್ತವೆ; ಒಂದರೊಳಗೊಂದು ಪ್ರತಿಬಿಂಬ ಬಿದ್ದು ಕೊನೆಯೇ ಕಾಣುವುದಿಲ್ಲ. ಈ ಕಾಲಕ್ಕೂ ಎಲ್ಲ ಕಾಲಕ್ಕೂ ಎಂದು ಅವರನ್ನು ಬೆಸೆಯುತ್ತಾರೆ. ಅಂಥ ದಂಪತಿಗೆ ಹುಟ್ಟಿದ ಮಕ್ಕಳು ಹುಟ್ಟಿನಿಂದಲೇ ಆ ಬಂಧದೊಳಗೆ. ಮೊದಲೇ ಹುಟ್ಟಿದ ಮಕ್ಕಳನ್ನು ಬೇರೆ ವಿಧಿಯಿಂದ ಬೆಸೆಯುತ್ತಾರೆ. ಇನ್ನೂ ಮುಖ್ಯವಾದದ್ದು ಸತ್ತವರ ಸಂಗತಿ. 1840ರಲ್ಲೇ ಜೋಸೆಫ್ ಸ್ಮಿತ್ ಸತ್ತವರಿಗಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದೆಂದು ಬೋಧಿಸಿದ್ದ. ಹಾಗೆಯೇ ಅಜ್ಜ ಅಜ್ಜಿಯರ ಪರವಾಗಿ ಮೊಮ್ಮಕ್ಕಳು ನಿಂತು ಅವರ ಮದುವೆಯನ್ನೂ ಬೆಸೆಯಬಹುದು. ಇದನ್ನು ಒಪ್ಪುವುದೂ ಬಿಡುವುದೂ ಆ ಆತ್ಮದ ಇಷ್ಟ, ಬಲವಂತವಿಲ್ಲ ಎಂದು ಅವರ ನಂಬಿಕೆ. ನೋಡಿ, ನಮ್ಮ ಅಳತೆಗೋಲಿಗೆ ಇಲ್ಲಿ ಒಂದು ಉತ್ತರ ಸಿಕ್ಕಿತು: ಸತ್ತವರನ್ನೂ ಕೇಳಬೇಕು ಎನ್ನುವ ಮತ ಇದು.

ಆದರೆ ಬದುಕಿರುವ ಹೆಂಗಸರನ್ನು ಕೇಳಿತೇ? 1843ರ ಅದೇ ಬರಹ ಗಂಡಸು ಹಲವು ಹೆಂಡಿರನ್ನು ಮಾಡಿಕೊಳ್ಳುವುದಕ್ಕೂ ಒಪ್ಪಿಗೆ ಕೊಟ್ಟಿತ್ತು. ಜೋಸೆಫ್ ಸ್ಮಿತ್‌ನ ಹೆಂಡತಿ ಎಮ್ಮಾ ಅದನ್ನು ಬಲವಾಗಿ ವಿರೋಧಿಸಿದವಳು. ಸರಕಾರದೊಂದಿಗೆ ದೀರ್ಘ ಜಗಳದ ನಂತರ 1890ರಲ್ಲಿ ಚರ್ಚಿನ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಆ ಪದ್ಧತಿಯನ್ನು ಕೈಬಿಡುವ ಪ್ರಕಟಣೆ ಹೊರಡಿಸಿದ. ಆದರೂ ಹೆಂಡತಿ ಸತ್ತವನು ಎರಡನೆಯವಳೊಂದಿಗೂ ಶಾಶ್ವತವಾಗಿ ಬೆಸೆದುಕೊಳ್ಳಬಹುದು. ಬದುಕಿರುವ ವಿಧವೆ ಇಬ್ಬರೊಂದಿಗೆ ಹಾಗೆ ಬೆಸೆದುಕೊಳ್ಳುವಂತಿಲ್ಲ. ಪರಲೋಕದಲ್ಲಿ ನನ್ನ ಜಾಗ ಯಾವುದು ಎಂದು ಆ ಮತದ ಹೆಂಗಸರೇ ಕೇಳುತ್ತ ಬಂದಿದ್ದಾರೆ. ಸತ್ತವರ ಪರವಾದ ದೀಕ್ಷೆಗೂ ಆಕ್ಷೇಪ ಬಂತು. ನಾಜಿಗಳ ಕೈಯಲ್ಲಿ ಸತ್ತ ಯೆಹೂದ್ಯರ ಹೆಸರಿನಲ್ಲಿ ದೀಕ್ಷೆ ನಡೆದದ್ದು ತಿಳಿದು ಅವರ ಬಂಧುಗಳು ನೊಂದುಕೊಂಡರು. ಹಾಗೆ ಮಾಡುವುದನ್ನು ನಿಲ್ಲಿಸುವುದಾಗಿ ಚರ್ಚು 1995ರಲ್ಲಿ ಒಪ್ಪಿಕೊಂಡಿತು. ನನ್ನ ಅಜ್ಜಿಯನ್ನು ನನ್ನ ನಂಬಿಕೆಯ ಸ್ವರ್ಗಕ್ಕೆ ಕರೆಯುವುದು ಪ್ರೀತಿ. ಪಕ್ಕದ ಮನೆಯವರ ಅಜ್ಜಿಯನ್ನು ಕರೆಯುವುದು ಪ್ರೀತಿಯೋ ಅತಿಕ್ರಮಣವೋ, ಯೋಚಿಸಬೇಕಾದ ಮಾತು.

ಈ ಮತ ನಮ್ಮ ದೇಶಕ್ಕೆ ಬಂದದ್ದು ನಿನ್ನೆ ಮೊನ್ನೆಯಲ್ಲ. 1850ರ ದಶಕದ ಮೊದಲಲ್ಲೇ ಅವರ ಬೋಧಕರು ಕಲ್ಕತ್ತೆಗೆ ಬಂದರು. 1853ರಲ್ಲಿ ರಿಚರ್ಡ್ ಬ್ಯಾಲಂಟೈನ್ ಎಂಬವನು ಮದ್ರಾಸಿನಲ್ಲಿ ಬೋಧಿಸಿದ. ಹೆಚ್ಚು ಫಲ ಸಿಗಲಿಲ್ಲ, ಮರಳಿಹೋದರು. 1993ರಲ್ಲಿ ಬೆಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡು ಮತ್ತೆ ಕೆಲಸ ಶುರುವಾಯಿತು. ಮಂದಿರದ ವಿಧಿಗಾಗಿ ಇಲ್ಲಿನ ಅನುಯಾಯಿಗಳು ಹೊರದೇಶಕ್ಕೆ ಹೋಗಬೇಕಾಗಿತ್ತು. ಭಾರತದ ಮೊದಲ ಮಂದಿರ ಬೆಂಗಳೂರಿನಲ್ಲಿ ಎಂದು 2018ರ ಏಪ್ರಿಲ್ 1ರಂದು ಪ್ರಕಟವಾಯಿತು. 2020ರ ಡಿಸೆಂಬರಿನಲ್ಲಿ ನೆಲ ಅಗೆದು ಕೆಲಸ ಆರಂಭಿಸಿದರು. ಮಾಸ್ತಿಕಲ್ಲುಗಳ ನಾಡು, ಭೀಮನ ಅಮಾವಾಸ್ಯೆಯ ನಾಡು, ಆ ಕನ್ನಡಿಗಳ ಕೋಣೆಗೂ ಜಾಗ ಕೊಟ್ಟಿತು.

ಅವರ ನಂಬಿಕೆ ಅವರಿಗಿರಲಿ. ನಾವು ಅವರಿಂದ ಕಲಿಯಬೇಕಾದ ಒಂದು ವಿಷಯವಿದೆ. ಸತ್ತವರನ್ನು ಬೆಸೆಯಬೇಕಾದರೆ ಸತ್ತವರ ಹೆಸರು ಗೊತ್ತಿರಬೇಕಲ್ಲ! ಅದಕ್ಕಾಗಿ ಅವರು 1894ರಲ್ಲಿ ವಂಶಾವಳಿಯ ಸಂಘವೊಂದನ್ನು ಕಟ್ಟಿದರು. 1938ರಿಂದ ಲೋಕದ ಹಳೆಯ ಜನನ ಮರಣ ಮದುವೆ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿಕೊಳ್ಳತೊಡಗಿದರು. ಬೆಟ್ಟದ ಗ್ರಾನೈಟ್ ಬಂಡೆಯನ್ನು ಕೊರೆದು ಅವುಗಳನ್ನು ಕಾಪಿಟ್ಟರು. ಪ್ರೀತಿ ಎಂದರೆ ಬರೆದಿಡುವುದು ಎಂದು ಅವರಿಗೆ ಅರ್ಥವಾಯಿತು.

ನಮ್ಮಲ್ಲಿ ಏನಿದೆ? ಕಂಬಮ್ಮಿನ ನಂದಗೋಪಾಲಸ್ವಾಮಿಯ ದನದ ಮಂದೆಯನ್ನು ತಮಿಳರು ತಂಬಿರಾನ್ ಮಾಡು ಎಂದರೆ ನಮ್ಮವರು ದೇವರು ಆವು ಎಂದರು. ಕನ್ನಡ ನಾಡಿನಲ್ಲೇ ಆಡುಮಾತಿನಿಂದ ಹೆಚ್ಚುಕಡಿಮೆ ಸರಿದುಹೋದ ಆವು ಎಂಬ ಮಾತನ್ನು ನಮ್ಮ ಹಿರಿಯರು ಇಲ್ಲಿ ಉಳಿಸಿಕೊಂಡು ಬಂದರು. ಪಟ್ಟದ ಹೋರಿ ತೀರಿಕೊಂಡರೆ ಕಬ್ಬಿನ ಕಟ್ಟನ್ನು ಮಂದೆಯ ಮುಂದಿಟ್ಟು, ಮೊದಲು ಬಂದು ಬಾಯಿ ಹಾಕುವ ಹೋರಿಗೆ ಅರಿಶಿನ ಕುಂಕುಮ ಹಚ್ಚಿ ಪಟ್ಟ ಕಟ್ಟುವ ಕ್ರಮವನ್ನೂ ಬಿಡದೆ ನಡೆಸಿಕೊಂಡು ಬಂದರು. ದನದ ಮಂದೆಯ ಪಟ್ಟವೂ ತಪ್ಪದಂತೆ ನೋಡಿಕೊಂಡ ಜನ ನಾವು. ಆದರೆ ಮದುವೆಯಾಗಿ ಬಂದ ದಿನವೇ ತವರಿನ ಕುಲದೇವರನ್ನು ಬಿಟ್ಟು ನಮ್ಮ ಕುಲದೇವರಿಗೆ ಕೈಮುಗಿದು, ನಮ್ಮ ಮನೆಯಲ್ಲೇ ಮಣ್ಣಾದ ಮುತ್ತಜ್ಜಿಯ ಹೆಸರು ನಮಗೆ ಬಾಯಿಗೆ ಬರುವುದಿಲ್ಲ. ಮನೆಯೊಳಗೆ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಹೀಗಾಗಿ ಕನ್ನಡದಲ್ಲಿ ಇಟ್ಟ ಹೆಸರುಗಳು ಯಾವ ಕಾಗದದ ಮೇಲೂ ಇಳಿಯಲಿಲ್ಲ. ಅವು ಅಜ್ಜಿಯರ ಬಾಯಲ್ಲಿದ್ದವು. ಅಜ್ಜಿಯರ ಜೊತೆಗೇ ಹೋಗುತ್ತಿವೆ.

ಪರಲೋಕದಲ್ಲಿ ಸಂಸಾರವಿದೆಯೋ ಇಲ್ಲವೋ, ಹೋಗಿ ನೋಡಿ ಬಂದು ಹೇಳಿದವರಿಲ್ಲ. ಆದರೆ ದೇಕಬ್ಬೆಯ ತಂದೆ, ತುಳುನಾಡಿನ ತಾಯಿ, ಯೂಟಾದ ಮೊಮ್ಮಗ, ಸುರುಳಿಯಲ್ಲಿ ಒದ್ದೆ ಬಟ್ಟೆಯಲ್ಲಿ ಕುಳಿತ ನಮ್ಮವನು, ಇವರೆಲ್ಲ ಕೇಳಿದ್ದು ಒಂದೇ: ಹೋದವರು ಪೂರ್ತಿಯಾಗಿ ಹೋಗದಿರಲಿ ಎಂದು. ಅದಕ್ಕಾಗಿ ಯಾರನ್ನೂ ಬೆಂಕಿಗೆ ಕಳಿಸಬೇಕಾಗಿಲ್ಲ, ಯಾರನ್ನೂ ಅವರ ಇಷ್ಟವಿಲ್ಲದೆ ಕಟ್ಟಿಹಾಕಬೇಕಾಗಿಲ್ಲ. ಮುಂದಿನ ಆಡಿ ಅಮಾವಾಸ್ಯೆಗೆ ಮೊದಲು ಮನೆಯಲ್ಲಿ ಇರುವ ಅತ್ಯಂತ ಹಿರಿಯರ ಬಳಿ ಒಂದು ನೋಟುಪುಸ್ತಕ ಹಿಡಿದು ಕೂತುಕೊಳ್ಳಿ. ಅಜ್ಜಿಯ ಅಮ್ಮನ ಹೆಸರೇನು, ಯಾವ ಊರಿನಿಂದ ಬಂದಳು, ಎಷ್ಟು ಮಕ್ಕಳನ್ನು ಹೆತ್ತಳು, ಎಷ್ಟನ್ನು ಮಣ್ಣಿಗೆ ಕೊಟ್ಟಳು, ಕೇಳಿ ಬರೆದುಕೊಳ್ಳಿ. ಕನ್ನಡ ಅಕ್ಷರ ಬಾರದಿದ್ದರೆ ತಮಿಳು ಅಕ್ಷರದಲ್ಲೇ ಬರೆಯಿರಿ, ಅಡ್ಡಿಯಿಲ್ಲ. ಮರುವರ್ಷ ಸುರುಳಿಯ ದಡದಲ್ಲಿ ಪುರೋಹಿತರು ಮುತ್ತಜ್ಜಿಯ ಹೆಸರು ಕೇಳಿದಾಗ ನೀವು ಅಣ್ಣನ ಮುಖ ನೋಡಬೇಕಾಗುವುದಿಲ್ಲ.